ಮೂರು ದೀಪಗಳ ಪಾಲಕ್

ಒಬ್ಬರ ಪಾಲು ಇನ್ನೊಬ್ಬರಿಗಿಂತ ಹೆಚ್ಚಾದರೆ ತುಳಜಾಬಾಯಿಯ ಕೈ ಸುಮ್ಮನಿರುವುದಿಲ್ಲ. ಕಮಲಾಪುರದಿಂದ ಬರುವ ಬೆಳಗಿನ ಬಸ್ಸಿನಲ್ಲಿ ತಮ್ಮ ಬಳಿ ಇರುವ ಒಂದೇ ಕೆಂಪು ಬಾಳೆಹಣ್ಣನ್ನು ಪಕ್ಕದ ಇಬ್ಬರಿಗೂ ಸಮನಾಗಿ ಮುರಿದುಕೊಟ್ಟು, ತಮ್ಮ ತುಂಡು ದೊಡ್ಡದೆನಿಸಿದರೆ ಅದರ ತುದಿಯನ್ನೂ ಚಿವುಟಿ ಎದುರಿನ ಸೀಟಿಗೆ ದಾಟಿಸುತ್ತಾರೆ. ಎಡ ಮೊಣಕಾಲಿನ ನೋವಿನಿಂದ ನಡಿಗೆಯಲ್ಲೊಂದು ಸಣ್ಣ ಓಲಾಟ. ಸೀರೆಯ ಮೇಲೆ ಗಂಡನ ಹಳೆಯ ಅಂಗಿ, ಹೊಲದ ಕೂಲಿಗೆಂದು ತೊಟ್ಟದ್ದು, ನೆರಳಿನ ಕೆಲಸ ಸಿಕ್ಕ ಮೇಲೂ ಬಿಟ್ಟಿಲ್ಲ.

ಆ ಕೆಲಸ ಕೊಟ್ಟವಳು ನನ್ನ ತಂಗಿ ಮೃದುಲಾ. ಕಲಬುರಗಿಯ ಕುಸನೂರಿನ ಬಾಡಿಗೆ ಕೋಣೆಯೊಂದರಲ್ಲಿ ಆಕೆ ತನ್ನ ಪಿಎಚ್‌ಡಿಗಾಗಿ ಪಾಲಕ್ ಬೆಳೆಸುತ್ತಿದ್ದಳು: ಒಂದು ಹಲಗೆಯ ಮೇಲೆ ಕೆಂಪು ದೀಪ, ಒಂದರ ಮೇಲೆ ನೀಲಿ, ಇನ್ನೊಂದರ ಮೇಲೆ ಬಿಳಿ. ಯಾವ ಬೆಳಕಿಗೆ ಎಲೆ ಚೆನ್ನಾಗಿ ಬರುತ್ತದೆಂದು ಆಕೆ ಹೇಳಿದರೆ ಅದೇ ದೀಪವನ್ನು ಕಮಲಾಪುರದ ಮಹಿಳಾ ಸಂಘ ತನ್ನ ಸೊಪ್ಪಿನ ಕೋಣೆಗೆ ತರಿಸುವುದಿತ್ತು. ನೀರು ಹಾಕುವುದು, ಗುಡಿಸುವುದು, ಟ್ರೇ ತೊಳೆಯುವುದು ತುಳಜಾಬಾಯಿಯ ಪಾಲಿಗೆ. ದಿನವಿಡೀ ಬಗ್ಗಿ ಕಳೆ ಕೀಳಬೇಕಿಲ್ಲದ ಕೆಲಸ ಆ ಮೊಣಕಾಲಿಗೆ ಬೇರೆಲ್ಲೂ ಸಿಕ್ಕಿರಲಿಲ್ಲ.

ತಿಂಗಳ ಕೊನೆಗೆ ನಾನು ಊಟದ ಡಬ್ಬಿ ಒಯ್ದಾಗ ಮೃದುಲಾ ಸಪ್ಪಗೆ ಕೂತು ಏನೋ ಬರೆಯುತ್ತಿದ್ದಳು. ಮೂರೂ ಹಲಗೆಗಳ ಎಲೆಗಳು ಒಂದೇ ಅಳತೆ ಬಂದಿದ್ದವು.

“ಏನ್ ಬರ್ಯಾಕತ್ತೀರಿ ಮೇಡಂ?”

“ದೀಪದ ಬಣ್ಣದಿಂದ ಎಲೀಗೆ ಏನೂ ಫರಕ್ ಆಗಂಗಿಲ್ಲ ಅಂತ, ತುಳಜಾಬಾಯಿ.”

ಅವರು ಪೊರಕೆ ಕೆಳಗಿಟ್ಟರು. “ಹಂಗ ಬರೀಬ್ಯಾಡ್ರಿ. ದಿನಾ ನೀರು ಹಾಕಿದ ಮ್ಯಾಲ ಟ್ರೇ ಜಾಗಾ ಬದಲಿ ಮಾಡೀನಿ.”

ಬಿಸಿಲಿಗಿಟ್ಟ ಹಪ್ಪಳದ ತಟ್ಟೆಗಳನ್ನು ಸರಿಸಿಡುವ ಹಾಗೆ ಅವರು ಪ್ರತಿ ಟ್ರೇಗೂ ಎಲ್ಲ ದೀಪಗಳ ಬೆಳಕು ಹಂಚಿದ್ದರು. ಬಣ್ಣದ ಚೀಟಿಗಳು ಇದ್ದದ್ದು ಹಲಗೆಗಳ ಮೇಲೆ, ಟ್ರೇಗಳ ಮೇಲಲ್ಲ; ಅದು ಮೃದುಲಾಳ ತಪ್ಪು.

“ಯಾಕ್ರಿ ಹಂಗ ಮಾಡಿದ್ರಿ?” ಮೃದುಲಾ ಕೇಳಿದಳು.

“ಒಬ್ಬಾಕಿಗೆ ಕೆಂಪು ಸೀರಿ, ಒಬ್ಬಾಕಿಗೆ ನೀಲಿ, ಮೂರನೇದಾಕಿಗೆ ಬರೇ ಬಿಳೀದು ಕೊಟ್ರ ಅಕ್ಕತಂಗೇರು ಸುಮ್ಮನಿರ್ತಾರೇನ್ರಿ?” ನಾನು ನಕ್ಕೆ, ಅವರು ನಗಲಿಲ್ಲ. “ನಾಳಿಂದ ಬರಬ್ಯಾಡಂದ್ರ ಬರಂಗಿಲ್ರಿ. ಆದ್ರ ನೀವು ಬರೆದದ್ದು ನಂಬಿ ನಮ್ಮೂರ ಹೆಣ್ಮಕ್ಕಳು ದೀಪಾ ತರ್ತಾರ.”

ಮೃದುಲಾ ಬರೆದದ್ದರ ಮೇಲೆ ಗೀಟು ಎಳೆದಳು. “ನಾಳೆ ಜಲ್ದಿ ಬರ್ರಿ. ಬೀಜ ಹೊಸದಾಗಿ ಹಾಕೂಣು.”

ಎರಡನೆಯ ಸಲ ಟ್ರೇಗಳು ಕದಲಲಿಲ್ಲ. ಕೆಂಪು ಬೆಳಕಿನವು ಉದ್ದ ದಂಟಿನ ತೆಳು ಎಲೆಗಳಾದವು. ನೀಲಿಯವು ಗಿಡ್ಡ, ದಪ್ಪ, ಕಡುಹಸಿರು. ಬಿಳಿಯವು ಎರಡರ ನಡುವೆ. ತುಳಜಾಬಾಯಿ ಎಲೆಗಳನ್ನು ಬೆರಳಲ್ಲಿ ಹಿಡಿದು ನೋಡಿ, “ಕೆಂಪಿನಾಕಿ ನೋಡಾಕ ಎತ್ತರ, ಸಂತಿ ಮುಟ್ಟೂದ್ರಾಗ ಬಾಡ್ತಾಳ” ಎಂದರು. ಮೃದುಲಾ ಅದನ್ನು ಅವರ ಹೆಸರಿನೊಂದಿಗೇ ಬರೆದುಕೊಂಡಳು.

ಮೊದಲ ತಿಂಗಳ ನೋಟ್‌ಬುಕ್ಕನ್ನು ನಾನು ತಿರುವಿ ನೋಡಿದೆ. ದಿನಕ್ಕೆರಡು ಸಲ ಹಾಕಿದ ನೀರಿನ ಲೆಕ್ಕವಿತ್ತು, ಹಾಕಿದವರ ಹೆಸರಿರಲಿಲ್ಲ. ತಪ್ಪು ಬಯಲಾದ ದಿನದ ಪುಟದಲ್ಲಷ್ಟೇ ಆ ಹೆಸರು. ಮನೆಗಳಲ್ಲೂ ಹೀಗೆಯೇ. ಸಾರು ರುಚಿಯಾದ ದಿನ ಯಾರೂ ಏನೂ ಕೇಳುವುದಿಲ್ಲ. ಉಪ್ಪು ಹೆಚ್ಚಾದ ದಿನ ಮಾತ್ರ, ಮಾಡಿದವರಾರೆಂದು ಎಲ್ಲರೂ ತಲೆಯೆತ್ತುತ್ತಾರೆ. ಅಷ್ಟರಲ್ಲಿ ಮಾಡಿದಾಕೆ, ತಪ್ಪು ತನ್ನದೆಂದು ಹೇಳಲು, ತಾನೇ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿರುತ್ತಾಳೆ.