ದೊರೆಯ ಮೂಗು

ತೀನೊಸ್ ದ್ವೀಪದಲ್ಲಿ ಕಲ್ಲುಕೆತ್ತನೆಗೆ ಹೆಸರಾದ ಪಿರ್ಗೊಸ್ ಊರಿನಲ್ಲಿ ಉಳಿ ಹಿಡಿದ ಹೆಂಗಸರು ಕಡಿಮೆ. ಅರ್ಗಿರೊ ಮೂವತ್ತು ವರ್ಷದಿಂದ ಹಿಡಿದಿದ್ದಳು. ಆ ಚಳಿಗಾಲ ಅವಳು ಕೆತ್ತಿದ್ದು ಪೊಂತೊಸ್ ಎಂಬ ಹಳೆಯ ನಾಡಿನ ದೊರೆಯೊಬ್ಬನ ಪಕ್ಕನೋಟದ ಮುಖ. ಹೆಬ್ಬೆರಳಗಲದ ಬೆಳ್ಳಿ ನಾಣ್ಯದಲ್ಲಿದ್ದುದನ್ನು ಮೊಳದಗಲದ ಅಮೃತಶಿಲೆಯ ಹಲಗೆಯ ಮೇಲೆ ಉಬ್ಬಿಸಿ ತಂದಿದ್ದಳು. ಜೋತ ಕೆನ್ನೆ, ಗಿಣಿಮೂಗು, ಸಿಡುಕು ತುಟಿ. ನಾಣ್ಯ ಮಾಡಿದವನು ದೊರೆಯೆಂದು ಮುಲಾಜು ನೋಡಿರಲಿಲ್ಲ. ಅದಕ್ಕೇ ಅವಳಿಗೆ ಆ ಮುಖ ಹಿಡಿಸಿತ್ತು.

ಕೆತ್ತಿಸಿದ್ದು ಥೆಸ್ಸಲೊನೀಕಿ ನಗರದಲ್ಲಿ ನೆಲೆಸಿದ್ದ ಪೊಂತೊಸ್ ಮೂಲದ ವಲಸಿಗರ ಒಂದು ಸಂಘ. ಅದರ ಅಧ್ಯಕ್ಷ ಯೊರ್ದಾನಿಸ್ ಹಡಗಿನಿಂದಿಳಿದು ನೇರ ಬಂದು, ಹಲಗೆ ನೋಡಿ ಮುಖ ಕಿವಿಚಿದ.

"ಅಕ್ಕಾ, ಇವ್ನು ದೊರೆನೋ ಮೀನು ಮಾರೋನೋ? ಮೂಗು ಸ್ವಲ್ಪ ನೆಟ್ಟಗೆ ಮಾಡಿ."

"ನಾಣ್ಯದಲ್ಲಿರೋದೇ ಹಾಗಪ್ಪಾ. ನೀವೇ ಕಳಿಸಿದ ಫೋಟೋ."

"ನಾಣ್ಯ ಯಾರು ನೋಡ್ತಾರೆ? ಇದನ್ನ ನೋಡಿ ಜನ ನಗ್ತಾರೆ."

ಅವನು ಮರಳಿದ ಮೇಲೆ ಮೂರು ದಿನ ಫೋನಿನಲ್ಲಿ ಜಗಳ. "ಕಲ್ಲು ಕಣಯ್ಯಾ, ತೆಗೀಬಹುದು, ಹಚ್ಚೋಕಾಗಲ್ಲ" ಎಂದು ಕೊನೆಯ ಸಲ ಎಚ್ಚರಿಸಿ, ಅರ್ಗಿರೊ ಹಲ್ಲು ಕಚ್ಚಿಕೊಂಡು ಮೂಗಿನ ಕೊಕ್ಕೆ ತೆಗೆದಳು. ದೊರೆ ಅಂಗಡಿ ಗೊಂಬೆಯಂತಾದ.

ಮುಂದಿನ ವಾರ ಯೊರ್ದಾನಿಸ್ ತನ್ನ ತಾಯಿ ಪಾರ್ಥೆನಾಳನ್ನೂ ಕರೆತಂದ. ತೊಂಬತ್ತು ದಾಟಿದ ಮುದುಕಿ. ಮಗನ ಫೋನಿನಲ್ಲಿ ಮೊದಲಿನ ಕೆತ್ತನೆ ನೋಡಿ ಹಟ ಹಿಡಿದು ಬಂದಿದ್ದಳು.

"ಆ ಮೂಗೆಲ್ಲಿ?" ಎಂದಳು. "ಥೇಟ್ ನಮ್ಮಪ್ಪಂದೇ ಇತ್ತು! ನಂಗೆ ಆರು ವರ್ಷ ಇದ್ದಾಗ ಹೋಗ್ಬಿಟ್ಟ. ಒಂದು ಫೋಟೋನೂ ಇಲ್ಲ ಕಣಮ್ಮಾ."

ಯೊರ್ದಾನಿಸ್ ಅರ್ಗಿರೊಳತ್ತ ತಿರುಗಿದ. "ಅಕ್ಕಾ, ಮತ್ತೆ ಹಚ್ಚೋಕೆ ಏನಾದ್ರೂ..."

"ಬಾಯಿ ಮುಚ್ಚು!" ಅರ್ಗಿರೊ ಸುತ್ತಿಗೆಯನ್ನು ಮೂಲೆಗೆಸೆದಳು.

ಉಳಿದಿದ್ದು ಒಂದೇ ದಾರಿ. ಹಣೆ, ತುಟಿ, ಗದ್ದ ಎಲ್ಲವನ್ನೂ ಕಿವಿಯ ಕಡೆಗೆ ಹಿಂದೆ ಸರಿಸಿ ಕೆತ್ತಿದರೆ ಮೂಗಿಗೆ ಜಾಗ ಸಿಗುತ್ತದೆ. ಯೊರ್ದಾನಿಸ್‌ನನ್ನು ಬೈಯುತ್ತ, ತನ್ನನ್ನೂ ಬೈದುಕೊಳ್ಳುತ್ತ ಐದು ವಾರ ಕೆತ್ತಿದಳು. ಕೊಕ್ಕೆ ಮೂಗು ಬಂತು. ಆದರೆ ಅವಳು ಅಷ್ಟು ಇಷ್ಟಪಟ್ಟು ಮಾಡಿದ್ದ ಜೋತ ದಪ್ಪ ಕೆನ್ನೆ ಹೋಗಿ, ದೊರೆ ಉಪವಾಸ ಬಿದ್ದವನಂತೆ ಕಂಡ.

ಪಾರ್ಥೆನಾ ಮತ್ತೆ ಬಂದು ಮೂಗಿನ ಮೇಲೆ ಬೆರಳಾಡಿಸಿದಳು. "ಬಂದ್ಯಾ ಅಪ್ಪಾ" ಎಂದಳು.

ಯೊರ್ದಾನಿಸ್ ಕಣ್ಣೊರೆಸಿಕೊಂಡ. "ಮೊದಲಿನದಕ್ಕಿಂತ ಇದೇ ಚೆನ್ನಾಗಿದೆ ಅಕ್ಕಾ!"

ಅರ್ಗಿರೊಗೆ ಕಿರುಚಬೇಕೆನಿಸಿತು. ಮುದುಕಿಯ ಎದುರು ಕಿರುಚಲಾಗದೆ, ಅವಳಿಗೊಂದು ಕುರ್ಚಿ ಎಳೆದು ಹಾಕಿ, ಕಾಫಿ ಕಾಯಿಸಲು ಒಳಗೆ ಹೋಗಿ ಪಾತ್ರೆಗಳನ್ನು ಕುಕ್ಕಿದಳು.