ಸೊಸೆಯ ಹಲ್ಲಿನ ಅಚ್ಚು

ಹಾಲಿನ ಕೇಂದ್ರಕ್ಕೆ ಅಂಟಿಕೊಂಡ ಆ ಮನೆಯಲ್ಲಿ ಬೆಳಗಿನ ಮೊದಲ ಕೆಲಸ ನೀರು ಕಾಯಿಸುವುದು. ಹಂಡೆಯ ನೀರು ಗುಳುಗುಳು ಕುದಿಯುವವರೆಗೆ ಮನೆಯ ಹಿರಿಯಳು ಬೇರೆ ಯಾವುದಕ್ಕೂ ಕೈ ಹಚ್ಚುತ್ತಿರಲಿಲ್ಲ. ಕ್ಯಾನು, ಮುಚ್ಚಳ, ಮುಚ್ಚಳದೊಳಗಿನ ರಬ್ಬರು ಬಳೆ, ಅಳತೆಯ ಸೌಟು, ಎಲ್ಲವೂ ಕುದಿನೀರಿನಲ್ಲಿ ಮಿಂದೇ ಹೊರಬರಬೇಕು. ಕ್ಯಾನು ಮುಗಿದ ಮೇಲೂ ಹಂಡೆಯಲ್ಲಿ ನೀರು ಉಳಿದಿದ್ದರೆ ಆಕೆಗೆ ಕೈ ತಡೆಯದು. ಚಮಚ, ಚಾಕು, ಬಾಗಿಲ ಚಿಲಕ ಏನು ಸಿಕ್ಕರೂ ಅದಕ್ಕೆ ಸ್ನಾನ. ಒಮ್ಮೆ ಮಗನ ಬಾಚಣಿಗೆಗೂ ಈ ಉಪಚಾರವಾಗಿ ಅದು ಸುಟ್ಟ ಜೇಡದ ಹಾಗೆ ಮುದುಡಿತ್ತು. ಊರಿನವರು ಕುದಿನೀರಮ್ಮ ಎಂದೇ ಕರೆಯುತ್ತಿದ್ದರು. ಆಕೆಗೂ ಅದರಲ್ಲಿ ಬೇಸರವಿರಲಿಲ್ಲ.

ಈ ಅಭ್ಯಾಸಕ್ಕೊಂದು ಕಾರಣವಿತ್ತು. ಆಕೆ ಸೊಸೆಯಾಗಿ ಬಂದ ವರ್ಷ, ಸರಿಯಾಗಿ ತೊಳೆಯದ ಒಂದೇ ಒಂದು ಕ್ಯಾನಿನಿಂದ ಇಡೀ ಬೀದಿಯ ಹಾಲು ಒಡೆದು ವಾಪಸು ಬಂದಿತ್ತು. ಅವಳ ಅತ್ತೆ ಬೈಯಲಿಲ್ಲ, ಹೊಡೆಯಲಿಲ್ಲ. ಒಂದು ತಿಂಗಳು ಮಾತು ಬಿಟ್ಟಳು, ಅಷ್ಟೆ. ಆ ಒಂದು ತಿಂಗಳು ಕುದಿನೀರಮ್ಮನ ಮೈಯೊಳಗೆ ಇನ್ನೂ ಎಲ್ಲೋ ಉಳಿದುಕೊಂಡಿತ್ತು.

ಈಗ ಕೇಂದ್ರದಲ್ಲಿ ಹಾಲು ಅಳೆಯುವವಳು ಅವಳ ಸೊಸೆ. ಕೆಲಸದಲ್ಲಿ ಚುರುಕು, ಲೆಕ್ಕದಲ್ಲಿ ಗಟ್ಟಿ, ಆದರೆ ನಗು ಬಂದರೆ ಕೈ ತಾನಾಗಿ ಬಾಯಿಗೆ ಹೋಗುತ್ತಿತ್ತು. ಮುಂದಿನ ಹಲ್ಲೊಂದು ಪಕ್ಕದ್ದರ ಮೇಲೆ ಕಾಲು ಹಾಕಿ ಕೂತಂತಿತ್ತು. ಮೂವತ್ತೊಂದನೇ ವಯಸ್ಸಿಗೆ ಗಟ್ಟಿ ಮನಸ್ಸು ಮಾಡಿ ಪಟ್ಟಣದ ಹಲ್ಲಿನ ಡಾಕ್ಟರಮ್ಮನ ಹತ್ತಿರ ತಂತಿ ಹಾಕಿಸಿಕೊಂಡು ಬಂದಾಗ, ದಿನಾ ಒಂದೇ ಲೀಟರು ಹಾಲು ತರುವ ಅಜ್ಜ, "ಏನಮ್ಮಾ, ಬಾಯಿಗೆ ಬೇಲಿ ಹಾಕ್ಸಿದೀಯಾ? ದನ ನುಗ್ತಿತ್ತಾ?" ಎಂದಿದ್ದ. ಸಾಲಿನಲ್ಲಿದ್ದವರೆಲ್ಲ ನಕ್ಕಿದ್ದರು. ಒಳಗಿನಿಂದ ಕುದಿನೀರಮ್ಮ ಸೌಟು ಹಿಡಿದುಕೊಂಡೇ ಬಂದಿದ್ದಳು. "ಬೇಲಿ ಇರೋದು ಬೆಳೆ ಇರೋ ಕಡೆ. ನಿನ್ನ ಬಾಯಲ್ಲಿ ಏನಿದೆ ಅಂತ ಬೇಲಿ ಹಾಕ್ತಾರೆ?" ಅಜ್ಜನಿಗೆ ಉಳಿದಿದ್ದದ್ದು ಮೂರು ಹಲ್ಲು.

ಎರಡು ವರ್ಷ ಆ ತಂತಿಯ ಚಾಕರಿ ನಡೆಯಿತು. ತಿಂದಾಗಲೆಲ್ಲ ಸೊಸೆ ಕನ್ನಡಿಯ ಮುಂದೆ ನಿಂತು ಕಡ್ಡಿಯಷ್ಟು ಸಣ್ಣ ಬ್ರಷ್ಷನ್ನು ತಂತಿಯ ಸಂದಿಗೆ ತೂರಿಸಿ ತೊಳೆಯುವಳು. ಕೆನ್ನೆಗೆ ಚುಚ್ಚಿದರೆ ಮೇಣದ ಉಂಡೆ ಒತ್ತುವಳು. ಜೋಳದ ತೆನೆ ಕಚ್ಚಿ ತಂತಿ ಕಿತ್ತುಬಂದ ದಿನದಿಂದ ಅಡುಗೆಮನೆಯ ಕಟ್ಟಳೆಯೇ ಬದಲಾಯಿತು. ಸೇಬು ಎಲೆಯಷ್ಟು ತೆಳುವಾಗಿ ಸೀಳಿ ತಟ್ಟೆಗೆ ಬರುತ್ತಿತ್ತು, ಕ್ಯಾರೆಟ್ಟು ಮೆತ್ತಗೆ ಬೆಂದು ಬರುತ್ತಿತ್ತು. ತಂತಿ ಬಿಗಿ ಮಾಡಿಸಿಕೊಂಡು ಬಂದ ದಿನ ಯಾರೂ ಹೇಳದೆಯೇ ಎಲ್ಲವೂ ನುಣ್ಣಗೆ ಮಸೆದು ಬರುತ್ತಿತ್ತು. "ನನಗೂ ಹಲ್ಲಿದೆ ಕಣಮ್ಮಾ," ಎಂದು ಮಗ ಗೊಣಗಿದರೆ, "ನಿಂದು ಸೊಟ್ಟಗಿದ್ರೂ ನಡಿಯತ್ತೆ, ಉಣ್ಣು," ಎನ್ನುತ್ತಿದ್ದಳು.

ತಂತಿ ಬಿಚ್ಚಿ ಎರಡು ತಿಂಗಳಾಗಿತ್ತು. ಹಲ್ಲುಗಳು ಸಾಲಾಗಿ ನಿಂತಿದ್ದವು. ಆದರೆ ಬಿಟ್ಟರೆ ಹಳೆಯ ಜಾಗಕ್ಕೇ ಹೊರಡುತ್ತವೆಂದು ಡಾಕ್ಟರಮ್ಮ ಒಂದು ರಿಟೈನರು ಕೊಟ್ಟಿದ್ದರು. ಗಾಜಿನಂಥ ತೆಳುವಾದ ಪ್ಲಾಸ್ಟಿಕ್ಕಿನ ಚಿಪ್ಪು. ಹಲ್ಲಿನ ಮೇಲೆ ಟೊಪ್ಪಿಯ ಹಾಗೆ ಕೂರುತ್ತಿತ್ತು. ಉಣ್ಣುವಾಗ, ಹಲ್ಲುಜ್ಜುವಾಗ ಮಾತ್ರ ತೆಗೆಯಬೇಕು. ತೆಗೆದರೆ ನೀಲಿ ಡಬ್ಬಿಯಲ್ಲೇ ಇಡಬೇಕು. ತಣ್ಣೀರಿನಲ್ಲೇ ತೊಳೆಯಬೇಕು. ಇದನ್ನೆಲ್ಲ ಅವರು ಹೇಳಿದ್ದು ಸೊಸೆಗೆ. ಅತ್ತೆಗೆ ಯಾರು ಹೇಳಬೇಕು?

ಆ ದಿನ ಹಾಲಿನ ವ್ಯಾನು ಹೊತ್ತಿಗೆ ಮುಂಚೆಯೇ ಬಂತು. ತಿಂಡಿಗೆ ಕೂತಿದ್ದ ಸೊಸೆ ಕೈ ತೊಳೆದು ಹಾಗೇ ಓಡಿದಳು. ರಿಟೈನರು ನೀರಿನ ತೊಟ್ಟಿಯ ಅಂಚಿನ ಲೋಟದಲ್ಲಿ ಉಳಿಯಿತು. ಲೋಟ ಎತ್ತಲು ಹೋದ ಕುದಿನೀರಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಒಳಗೆ ಬೆಳ್ಳನೆಯ ಪೊರೆ. ಮೂಗಿನ ಹತ್ತಿರ ತಂದಳು. ಬಾಯಲ್ಲಿಟ್ಟುಕೊಳ್ಳುವ ವಸ್ತು, ಬರೀ ತಣ್ಣೀರಲ್ಲಿ ಅದ್ದಿದರೆ ಸಾಕೇ? ಪಾಪ, ಅವಳಿಗೆ ಪುರುಸೊತ್ತೆಲ್ಲಿ! ಪಕ್ಕದಲ್ಲೇ ಹಂಡೆ ಕುದಿಯುತ್ತಿತ್ತು. ಒಂದು ಸೌಟು ಮೊಗೆದು ಲೋಟಕ್ಕೆ ಸುರಿದಳು.

ಚಿಪ್ಪು ಒಂದು ಸಲ ನಡುಗಿದಂತೆ ಕಂಡಿತು. ಆಮೇಲೆ ಬಿಸಿಲಿಗೆ ಬಿದ್ದ ಎಲೆಯ ಹಾಗೆ ಅಂಚು ಮಡಿಸಿಕೊಂಡು, ಸುರುಟಿ ತಳಕ್ಕೆ ಕೂತಿತು.

ಇಕ್ಕಳದಿಂದ ಎತ್ತಿ ಬೆರಳಿನಲ್ಲಿ ಬಿಡಿಸಲು ನೋಡಿದಳು. ಬೆರಳು ಸುಟ್ಟಿತೇ ಹೊರತು ಅದು ಬಿಡಲಿಲ್ಲ. ಎರಡು ವರ್ಷದ ಸೇಬಿನ ಹೋಳುಗಳು ಕಣ್ಣ ಮುಂದೆ ಬಂದವು. ಒಲೆಯೊಳಗೆ ಹಾಕಿ, ಇಲಿ ಕಚ್ಚಿಕೊಂಡು ಹೋಗಿರಬೇಕು ಅಂದುಬಿಟ್ಟರೆ? ಆ ಯೋಚನೆ ಬಂದದ್ದೂ ನಿಜ. ಆದರೆ ಕಾಲು ಕೇಂದ್ರದ ಕಡೆಗೇ ನಡೆದಿತ್ತು.

"ಇದಕ್ಕೆ ನೀರು ಹಾಕ್ಬಿಟ್ಟೆ ಕಣೇ," ಎಂದು ಅಂಗೈ ಚಾಚಿದಳು.

ಸೊಸೆ ನೋಡಿದಳು. ಅವಳ ಕೈ ಮೆಲ್ಲಗೆ ಮೇಲೆದ್ದು ಬಾಯಿ ಮುಚ್ಚಿತು. ಎರಡು ತಿಂಗಳಿಂದ ಮರೆತೇ ಹೋಗಿದ್ದ ಆ ಕೈ ಮತ್ತೆ ಅಲ್ಲಿಗೆ ಹೋದದ್ದನ್ನು ಕುದಿನೀರಮ್ಮ ಕಂಡಳು. ಮಾತು ಬಿಡುತ್ತಾಳೆ, ಇವಳೂ ಬಿಡುತ್ತಾಳೆ ಎಂದುಕೊಂಡಳು.

"ಬೆರಳು ಸುಟ್ಕೊಂಡ್ರಾ?" ಎಂದಳು ಸೊಸೆ.

"ಬೆರಳಿಗೇನು ಬಂತು ಬಿಡು!"

"ಡಬ್ಬಿಲಿಡದೆ ಓಡಿದ್ದು ನಾನು, ಅತ್ತೆ. ಅರ್ಧ ತಪ್ಪು ನಂದು."

ಕುದಿನೀರಮ್ಮನಿಗೆ ಕಣ್ಣು ಮಂಜಾಯಿತು. ಒಡೆದ ಹಾಲಿನ ಆ ತಿಂಗಳಲ್ಲಿ ಅರ್ಧವಲ್ಲ, ಸಾಸಿವೆ ಕಾಳಿನಷ್ಟು ತಪ್ಪನ್ನೂ ಯಾರೂ ಅವಳ ಹೆಗಲಿಂದ ಇಳಿಸಿಕೊಂಡಿರಲಿಲ್ಲ.

ಸೊಸೆ ಡಾಕ್ಟರಮ್ಮನಿಗೆ ಫೋನು ಮಾಡಿದಳು. ಅತ್ತೆಗೂ ಕೇಳಲೆಂದು ಜೋರಾಗಿಟ್ಟಳು.

"ಹೊಸದಾಗಿ ಅಳತೆ ತಗೊಂಡು ಮಾಡಿಸಬೇಕಂದ್ರೆ ಹತ್ತು ದಿನ ಆಗತ್ತಮ್ಮ, ಅಚ್ಚಿನ ಕೆಲಸದವನು ರಜೆಲಿದಾನೆ. ಅಷ್ಟು ದಿನ ಖಾಲಿ ಬಿಟ್ರೆ ಆ ಹಲ್ಲು ಸರಿಯತ್ತೆ. ತಂತಿ ಬಿಚ್ಚಿದ ದಿನ ನಿಮ್ಮ ಹಲ್ಲಿನ ಬಿಳೀ ಅಚ್ಚು ಕೊಟ್ಟಿದ್ನಲ್ಲ? ಅದನ್ನ ತನ್ನಿ. ಅದರ ಮೇಲೆ ಇವತ್ತೇ ನಾನೇ ಮಾಡ್ಕೊಡ್ತೀನಿ, ಒಂದು ಗಂಟೆ ಕೆಲಸ."

ಫೋನಿಟ್ಟು ಸೊಸೆ ನೆಲ ನೋಡಿದಳು. "ಅದನ್ನ ಅವತ್ತೇ ಕಸದ ಬುಟ್ಟಿಗೆ ಹಾಕ್ಬಿಟ್ಟೆ, ಅತ್ತೆ. ಬರೀ ಹಲ್ಲು, ಮುಖ ಇಲ್ಲ. ನೋಡಿದ್ರೆ ಹೆದರಿಕೆ ಆಗ್ತಿತ್ತು."

ಕುದಿನೀರಮ್ಮ ಎದ್ದು ಒಳಗೆ ಹೋದಳು. ರಬ್ಬರು ಬಳೆಗಳನ್ನಿಡುವ ಮರದ ಪೆಟ್ಟಿಗೆ ತೆರೆದ ಸದ್ದಾಯಿತು. ಹಳೆಯ ಟವೆಲಿನಲ್ಲಿ ಸುತ್ತಿದ ಗಂಟೊಂದನ್ನು ತಂದು ಮೇಜಿನ ಮೇಲೆ ಬಿಚ್ಚಿದಳು. ಒಂದು ಚೂರೂ ಮುಕ್ಕಾಗದ ಬಿಳೀ ಅಚ್ಚು, ಸಾಲಾಗಿ ಹಲ್ಲು ಬಿಟ್ಟುಕೊಂಡು ಕೂತಿತ್ತು.

"ನಿನ್ನ ಹಲ್ಲು ಕಣೇ. ಕಸದಲ್ಲಿ ಹೇಗೆ ಬಿಡ್ಲಿ?"

ಸೊಸೆ ಅದನ್ನೂ ನೋಡಿದಳು, ಅತ್ತೆಯನ್ನೂ ನೋಡಿದಳು. "ಇದಕ್ಕೆ ಕುದಿನೀರು ಹಾಕಿಲ್ವಾ?"

"ಹಾಕೋಣ ಅಂತಲೇ ಇದ್ದೆ. ಸುಣ್ಣದ ಹಾಗಿದೆ, ಕರಗಿಬಿಟ್ರೆ ಅಂತ ಬಟ್ಟೆಲಿ ಒರೆಸಿಟ್ಟೆ."

ಮಗ ಬಾಡಿಗೆಗೆ ಓಡಿಸುತ್ತಿದ್ದ ವ್ಯಾನಿನಲ್ಲೇ ಇಬ್ಬರೂ ಪಟ್ಟಣಕ್ಕೆ ಹೊರಟರು. ಕುದಿನೀರಮ್ಮ ಗಂಟನ್ನು ಮಡಿಲಲ್ಲಿ ಮೊಟ್ಟೆಯ ಹಾಗೆ ಹಿಡಿದು ಕೂತಿದ್ದಳು. ಪ್ರತಿ ಗುಂಡಿಗೂ ಮಗನಿಗೆ ಒಂದು ಬೈಗುಳ. ಅರ್ಧ ದಾರಿಯಲ್ಲಿ ಸೊಸೆ ಸುಮ್ಮನೆ ಅವಳ ಸುಟ್ಟ ಬೆರಳನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. "ತಂತಿ ಹಾಕಿದ್ದು ಡಾಕ್ಟ್ರು, ಸರಿ. ದಿನಾ ಮೂರು ಹೊತ್ತು ಅದನ್ನ ಕಾಪಾಡಿದ್ದು ನೀವು. ತಂತಿ ಬಿಚ್ಚಿದ ದಿನದಿಂದ ಹೇಳಬೇಕು ಅಂತಿದ್ದೆ."

"ಸಾಕು ಸುಮ್ನಿರು, ಅಚ್ಚು ಅಲುಗತ್ತೆ," ಎಂದಳು ಮುದುಕಿ. ಬೆರಳನ್ನು ಮಾತ್ರ ಬಿಡಿಸಿಕೊಳ್ಳಲಿಲ್ಲ.

ಡಾಕ್ಟರಮ್ಮ ಅಚ್ಚನ್ನು ಒಂದು ಯಂತ್ರದ ಕೆಳಗಿಟ್ಟು, ಮೇಲೊಂದು ಪ್ಲಾಸ್ಟಿಕ್ಕಿನ ಹಾಳೆ ಸಿಕ್ಕಿಸಿ ಕಾಯಿಸಿದರು. ಹಾಳೆ ಮೆತ್ತಗಾಗಿ ಜೋತುಬಿತ್ತು, ಸರಕ್ಕನೆ ಹಲ್ಲುಗಳ ಮೇಲೆ ಕವುಚಿಕೊಂಡಿತು. ಕುದಿನೀರಮ್ಮ ಕಣ್ಣರಳಿಸಿದಳು. "ನೋಡಿ! ನೀವೂ ಕಾಯಿಸ್ತೀರಲ್ಲ!"

"ಮಾಡೋವಾಗ ಬಿಸಿ, ಅಜ್ಜಿ. ಮಾಡಿದ ಮೇಲೆ ಬಿಸಿ ಮುಟ್ಟಿಸೋ ಹಾಗಿಲ್ಲ. ತಣ್ಣೀರು, ಮೆತ್ತನೆ ಬ್ರಷ್ಷು, ಆಮೇಲೆ ಡಬ್ಬಿ. ವಾರಕ್ಕೊಮ್ಮೆ ತೊಳೆಯೋಕೆ ಈ ಮಾತ್ರೆ, ಅದೂ ತಣ್ಣೀರಲ್ಲೇ."

"ಇದನ್ನ ಮೊದಲೇ ನನಗೆ ಹೇಳಬಾರದಿತ್ತಾ?"

"ಇನ್ಮೇಲೆ ನಿಮಗೇ ಹೇಳ್ತೀನಿ," ಎಂದು ಡಾಕ್ಟರಮ್ಮ ನಕ್ಕರು. ಅದೇ ಅಚ್ಚಿನ ಮೇಲೆ ಇನ್ನೊಂದನ್ನೂ ತೆಗೆದು, ಇದು ಕೈಲಿರಲಿ ಎಂದು ಕೊಟ್ಟರು. ಹೊಸದು ಸೊಸೆಯ ಬಾಯಿಯಲ್ಲಿ ಟಕ್ಕೆಂದು ಕೂತಿತು. ಒಂದು ಕೂದಲಿನಷ್ಟೂ ಹಲ್ಲು ಸರಿದಿರಲಿಲ್ಲ.

ಮಾರನೆಯ ಬೆಳಿಗ್ಗೆ ಹಂಡೆ ಎಂದಿನಂತೆ ಕುದಿಯಿತು. ನೀಲಿ ಡಬ್ಬಿಗೆ ಒಲೆಯಿಂದ ದೂರ, ಕಿಟಕಿಯ ಮೇಲಿನ ಗೂಡಿನಲ್ಲಿ ಜಾಗವಾಗಿತ್ತು. ಪಕ್ಕದಲ್ಲಿ ಬಿಳೀ ಅಚ್ಚು. ಸೊಸೆಯೇ ಇಟ್ಟದ್ದು. ತಿಂಡಿ ಮುಗಿಯುತ್ತಲೇ ಕುದಿನೀರಮ್ಮ ಲೋಟದಲ್ಲಿ ನೀರು ಹಿಡಿದು, ಬೆರಳದ್ದಿ ತಣ್ಣಗಿದೆಯೇ ನೋಡಿ, ಮತ್ತೊಮ್ಮೆ ಅದ್ದಿ ನೋಡಿ ಸೊಸೆಯ ಕೈಗೆ ಕೊಟ್ಟಳು.

ಸ್ವಲ್ಪ ಹೊತ್ತಿಗೆ ಹೊರಗೆ ಒಂದು ಲೀಟರಿನ ಅಜ್ಜನ ದನಿ ಕೇಳಿತು. "ಏನಮ್ಮಾ, ನಿಮ್ಮತ್ತೆ ನಿನ್ನ ಹಲ್ಲು ಬೇಯಿಸಿಬಿಟ್ಲಂತೆ?"

"ಹೂಂ ತಾತ, ಸರಿಯಾಗಿ ಬೆಂದಿದೆಯಾ ನೋಡಿ!"

ಹೊಸ ಚಿಪ್ಪಿನಿಂದಾಗಿ ಆ 'ಸರಿಯಾಗಿ' ಕೊಂಚ ತೊದಲಿತು. ಆದರೆ ಹಿಂದೆಯೇ ಬಂದ ನಗುವಿಗೆ ಏನೂ ಅಡ್ಡವಿರಲಿಲ್ಲ. ಹಬೆಯ ನಡುವೆ ಕ್ಯಾನು ಹಿಡಿದಿದ್ದ ಕುದಿನೀರಮ್ಮ ಆ ನಗು ಮುಗಿಯುವವರೆಗೆ ಕೈ ನಿಲ್ಲಿಸಿದಳು. ಆಮೇಲೆ ಮುಂದಿನ ಕ್ಯಾನಿಗೆ ನೀರು ಸುರಿದಳು.