ಅತಿಥಿಗಳು ಎಷ್ಟು ಸಲ ಬರುತ್ತಾರೆ?

ನನ್ನ ಮೊಣಕಾಲಿಗೆ ಲಿಫ್ಟ್ ಬೇಕಾಗಿತ್ತು. ಲಿಂಗಂಪಲ್ಲಿಯಲ್ಲಿ ನಮ್ಮದು ಮೂರನೇ ಮಹಡಿ, ಮೆಟ್ಟಿಲು ಐವತ್ತೆರಡು. ಕೊನೆಗೆ ಮಣಿಕೊಂಡದಲ್ಲಿ ಲಿಫ್ಟ್ ಇರುವ ಬಾಡಿಗೆ ಮನೆ ಸಿಕ್ಕಿತು, ಐದನೇ ಮಹಡಿ. ಓನರಮ್ಮ ತೆಲುಗಿನವರು, ರಾಯಚೂರಿನಲ್ಲಿ ಓದಿದ್ದರಿಂದ ಕನ್ನಡ ಬರುತ್ತಿತ್ತು. ಆದರೂ ಕೈಗೊಂದು ಇಂಗ್ಲಿಷ್ ಫಾರಂ ಕೊಟ್ಟರು. ಮನೆಗೆ ಅತಿಥಿಗಳು ಬರುವುದು ನೆವರ್, ರೇರ್ಲಿ, ಸಮ್‌ಟೈಮ್ಸ್, ಆಫನ್, ಆಲ್ವೇಸ್, ಇವುಗಳಲ್ಲಿ ಒಂದಕ್ಕೆ ಟಿಕ್ ಹಾಕಬೇಕು. ಮನೆ ಕೊಡುವುದೋ ಬಿಡುವುದೋ, ನಾಳೆ ನಿಮ್ಮ ಮನೆಗೇ ಬಂದು ಫಾರಂ ನೋಡಿ ಹೇಳುತ್ತೇನೆ ಎಂದರು.

ನಮ್ಮ ಯಜಮಾನರು ವಾಸುದೇವರಾಯರು ಅಂಕಿಅಂಶ ಇಲಾಖೆಯಲ್ಲಿ ಮೂವತ್ತು ವರ್ಷ ಸವೆದವರು. ಟಿಕ್ ಹಾಕಲು ಅವರಿಗೆ ಇಡೀ ಸಂಜೆ ಬೇಕಾಯಿತು.

"ಗೋದಾವರಿ, ರೇರ್ಲಿ ಅಂದ್ರ ವರ್ಷಕ್ಕ ಎಷ್ಟು ಸಲ?"

"ನಿಮ್ಮ ತಂಗಿ ಬರೋದಕ್ಕಿಂತ ಕಡಿಮಿ," ಎಂದೆ.

ರೇರ್ಲಿ ಅಂದರೆ ವರ್ಷಕ್ಕೆ ಎರಡು, ಸಮ್‌ಟೈಮ್ಸ್ ತಿಂಗಳಿಗೊಂದು, ಆಫನ್ ವಾರಕ್ಕೊಂದು ಎಂದು ಅವರೇ ಗೆರೆ ಎಳೆದು ಪಟ್ಟಿ ಮಾಡಿಕೊಂಡರು. ಆಮೇಲೆ ಅತಿಥಿಗಳನ್ನು ನೆನೆಸಿಕೊಳ್ಳತೊಡಗಿದರು. ಅಣ್ಣತಮ್ಮಂದಿರು, ಬೀಗರು, ಬೀಗರ ಊರಿನವರು? "ಅವರು ಅತಿಥಿ ಹೆಂಗಾಗ್ತಾರ? ನಮ್ಮವರಲ್ಲೇನು?" ಎಂದರು. ನನಗೂ ಸರಿಯೆನಿಸಿತು. ರೇರ್ಲಿಗೆ ಟಿಕ್ ಬಿತ್ತು.

ಮರುದಿನ ಓನರಮ್ಮ ಬಂದಾಗ ಏಳು ಜನ 'ನಮ್ಮವರು' ಸಾಲಾಗಿ ಕೂತು ಚುರುಮುರಿ ಸುಸ್ಲಾ ತಿನ್ನುತ್ತಿದ್ದರು. ಕಣ್ಣು ತೋರಿಸಲು ಬಂದ ಬೀಗರ ಊರಿನ ಶಾರದಾಬಾಯಿ, ಅವರ ಒಂದು ಜೊತೆ ಕಣ್ಣಿಗೆ ನಾಲ್ವರು ಜೊತೆಗಾರರು, ಪರೀಕ್ಷೆ ಬರೆಯಲು ಬಂದ ನನ್ನ ಅಣ್ಣನ ಮಗಳು ಮಧುರಾ, ಸುಮ್ಮನೆ ಬಂದ ಮೈದುನ ನರಹರಿ.

ಓನರಮ್ಮ ಫಾರಂ ನೋಡಿದರು, ಸಾಲಾಗಿ ಕೂತವರನ್ನು ನೋಡಿದರು. ನೀವು ಎಷ್ಟು ಸಲ ಬರುತ್ತೀರಿ ಎಂದು ನರಹರಿಯನ್ನು ಕೇಳಿದರು.

"ನಾ ಎಲ್ಲಿ ಬರ್ತೀನ್ರಿ? ವರ್ಷಕ್ಕ ಒಮ್ಮೆ ಬಂದ್ರ ಭಾಳ ಆತು," ಎಂದ ಅವನು.

ಶಾರದಾಬಾಯಿಯೂ ಅದನ್ನೇ ಹೇಳಿದರು. ಕೇಳಿದರೆ ಎಲ್ಲರೂ ವರ್ಷಕ್ಕೊಮ್ಮೆಯವರೇ! ಯಜಮಾನರು ಬೆರಳು ಮಡಿಚುತ್ತ ತಮ್ಮ ಕಡೆಯವರನ್ನೂ ನನ್ನ ತವರಿನವರನ್ನೂ ಎಣಿಸತೊಡಗಿದರು. ಮುನ್ನೂರು ದಾಟಿದಾಗ ಮುಖ ಸಪ್ಪಗಾಯಿತು.

"ಹಂಗಾದ್ರ ದಿನಕ್ಕೊಬ್ರು ಬಂದಂಗ, ಇದು ಆಲ್ವೇಸ್ ಆತಲ್ಲ!" ಎನ್ನುತ್ತ ಆ ಪ್ರಾಮಾಣಿಕ ಮನುಷ್ಯ ಓನರಮ್ಮನ ಎದುರಿಗೇ ಟಿಕ್ ತಿದ್ದಿಬಿಟ್ಟರು. ನನಗೆ ಅಳುವೇ ಬಂತು.

ಇಷ್ಟು ಜನ ಹತ್ತಿಳಿದರೆ ಲಿಫ್ಟ್ ಒಂದೇ ತಿಂಗಳಿಗೆ ಕೆಡುತ್ತದೆ ಎಂದು ಓನರಮ್ಮ ಎದ್ದರು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಇಲ್ರೀ! ನಮ್ಮ ಮಂದಿ ಲಿಫ್ಟ್ ಹತ್ತಂಗೇ ಇಲ್ಲ, ಅಂಜ್ತಾರ! ನರಹರಿ, ಹೇಳೋ!"

"ಆ ಡಬ್ಬಿಯೊಳಗ ಯಾರು ಹೋಗ್ತಾರ ವೈನಿ, ನಡುವ ನಿಂತ್ರ?" ಎಂದ ನರಹರಿ. ಶಾರದಾಬಾಯಿ ಕೆನ್ನೆ ಬಡಿದುಕೊಂಡರು. ಓನರಮ್ಮನಿಗೆ ನಗು ತಡೆಯಲಾಗಲಿಲ್ಲ. ಬೀಗದ ಕೈ ಕೊಟ್ಟೇಬಿಟ್ಟರು.

ಈಗ ಐದನೇ ಮಹಡಿಯಲ್ಲಿದ್ದೇವೆ. ಲಿಫ್ಟ್ ಹೊಸದರಂತೆ ಓಡುತ್ತದೆ. ಆದರೆ ಬಂದವರನ್ನು ಮೆಟ್ಟಿಲಿಗೆ ಬಿಟ್ಟು ನಾನೊಬ್ಬಳೇ ಲಿಫ್ಟಿನಲ್ಲಿ ಹೋದರೆ ಮರ್ಯಾದೆ ಉಳಿಯುತ್ತದೆಯೇ? ಕೆಳಗೆ ಹೋಗಿ, ಅವರ ಚೀಲ ಇಸಿದುಕೊಂಡು, ಜೊತೆಗೇ ಮೆಟ್ಟಿಲು ಹತ್ತುತ್ತೇನೆ. ಈ ವಾರ ನಾಲ್ಕು ಸಲ ಆಯಿತು, ಇವತ್ತಿನ್ನೂ ಬುಧವಾರ.